ಪರಿಹಾರ ಸಿಗದವರ ಪಟ್ಟಿಯನ್ನೂ ಕೊಡಿ: ಸರ್ಕಾರದ ಮುಖ್ಯ ಕಾರ್ಯದರ್ಶಿಗಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: 2020 ಮತ್ತು 2021ರ ಕೋವಿಡ್ ಪ್ಯಾಕೇಜಿನಲ್ಲಿ ರೈತರಿಗೆ ಸಂದಾಯವಾದ ಪರಿಹಾರದ ಹಳ್ಳಿವಾರು ವಿವರ ಪ್ರಕಟಿಸುವ ಕುರಿತು.

ಮಾನ್ಯರೇ,

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ಹೂ ಬೆಳೆಗಾರ. ಸೇವಂತಿಗೆ, ಚೆಂಡು ಹೂ, ನಡುವೆ ಒಂದಿಷ್ಟು ಟೊಮೆಟೊ, ಮಳೆಗಾಲಕ್ಕೆ ರಾಗಿ. ನಮ್ಮ ಕಡೆಯ ಬೇಸಾಯ ಹೆಚ್ಚುಕಡಿಮೆ ಇಷ್ಟೇ. ಹಣ ಕೇಳಿ ಈ ಪತ್ರ ಬರೆಯುತ್ತಿಲ್ಲ. 2020ರಲ್ಲಿ ಸರ್ಕಾರ ಘೋಷಿಸಿದ ಹೂ ಬೆಳೆಗಾರರ ಪರಿಹಾರ ನನಗೆ ಬಂದಿತ್ತು, ಒಂದು ಎಕರೆಗೆ ಹತ್ತು ಸಾವಿರ ಚಿಲ್ಲರೆ. ಅಂಥ ಹೊತ್ತಿನಲ್ಲಿ ಅದೂ ದೊಡ್ಡದೇ. ಆದರೆ ನನ್ನ ಹೊಲದ ಬದುವಿನಾಚೆಗೆ ಅದೇ ಹೂ, ಅದೇ ತಳಿ ಹಾಕಿದ್ದವರಿಗೆ ಬರಲಿಲ್ಲ. ಏಕೆ ಬರಲಿಲ್ಲ ಎಂದು ಇವತ್ತಿನವರೆಗೂ ಅವರಿಗೆ ಯಾರೂ ಹೇಳಿಲ್ಲ. ಬರೆಯುತ್ತಿರುವುದು ಅದಕ್ಕಾಗಿ.

ಆಗ ನಡೆದದ್ದನ್ನು ಮೊದಲು ನೆನಪಿಸುತ್ತೇನೆ. 2020ರ ಮಾರ್ಚ್ 24ರ ನಡುರಾತ್ರಿ ದೇಶಕ್ಕೆ ಬೀಗ ಬಿತ್ತು. ಮರುದಿನ ಯುಗಾದಿ. ಹೂ ಬೆಳೆಯುವವನಿಗೆ ಯುಗಾದಿಯಿಂದ ಮದುವೆ ಸೀಸನ್ ಮುಗಿಯುವವರೆಗಿನ ದಿನಗಳೇ ವರ್ಷದ ಸಂಪಾದನೆ. ಗಿಡದಲ್ಲಿ ಬಿಟ್ಟರೆ ಹೂ ಕೊಳೆತು ರೋಗ ಹತ್ತುತ್ತದೆ. ಕೊಯ್ಯೋಣವೆಂದರೆ ಕೂಲಿ ಕೊಡಬೇಕು. ಕೊಯ್ದು ಎಲ್ಲಿಗೆ ಒಯ್ಯುವುದು? ದೇವಸ್ಥಾನ ಮುಚ್ಚಿದೆ, ಛತ್ರ ಮುಚ್ಚಿದೆ, ಬೆಂಗಳೂರಿನ ಮಾರುಕಟ್ಟೆಗೆ ಗಾಡಿ ಹೋಗುವಂತಿಲ್ಲ. ಹಲವರು ಏಪ್ರಿಲ್ ಕಳೆಯುವುದರೊಳಗೆ ಹೂ ಬಿಟ್ಟ ಹೊಲಕ್ಕೇ ರೋಟವೇಟರ್ ಹೊಡೆಸಿ ಗಿಡಗಳನ್ನು ಮಣ್ಣಿಗೆ ಸೇರಿಸಿದರು. ಈ ರೋಟವೇಟರ್ ಸಂಗತಿ ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಗರಿಷ್ಠ ಒಂದು ಹೆಕ್ಟೇರ್. ರಾಜ್ಯದಲ್ಲಿ 11,687 ಹೆಕ್ಟೇರ್ ಹೂ ಹಾಳಾಗಿದೆ ಎಂದು ಲೆಕ್ಕ ಕೊಟ್ಟರು. ಅಗಸರಿಗೆ, ಕ್ಷೌರಿಕರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಅದಾಗಿ ಸುಮಾರು ಒಂದು ವಾರಕ್ಕೆ ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000, ಹತ್ತು ಲಕ್ಷ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ಎಂದರು. ಮರುವರ್ಷ ಎರಡನೇ ಅಲೆ ಬಂದಾಗ, 2021ರ ಮೇ 19ರಂದು, 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಈ ಸಲ ಹೂವಿಗೂ ಹಣ್ಣು, ತರಕಾರಿಗೂ ಹೆಕ್ಟೇರಿಗೆ 10,000.

ಮಾನ್ಯರೇ, ಹೆಕ್ಟೇರ್ ಎನ್ನುವುದು ಆದೇಶದಲ್ಲಿ ಇರುತ್ತದೆ, ನಮ್ಮ ಕಡೆ ಹೂ ಇರುವುದು ಗುಂಟೆಯಲ್ಲಿ. ಹತ್ತು ಗುಂಟೆಯಲ್ಲಿ ಸೇವಂತಿಗೆ ಹಾಕಿದವನಿಗೆ 2020ರ ದರದಲ್ಲಿ ಬರುವುದು ಸುಮಾರು 2,500 ರೂಪಾಯಿ. 2021ರ ದರದಲ್ಲಿ ಒಂದು ಸಾವಿರ. ಸಸಿ, ಹನಿ ನೀರಾವರಿ ಪೈಪು, ಮಲ್ಚಿಂಗ್ ಶೀಟು, ಔಷಧಿ ಎಲ್ಲ ಬದಿಗಿಡಿ, ಒಂದು ವಾರದ ಕೊಯ್ಲಿನ ಕೂಲಿಗೂ ಆ ಸಾವಿರ ಸಾಲದು. ಮೊತ್ತ ಕಮ್ಮಿಯಾಯಿತು ಎಂದು ಈಗ ಜಗಳ ತೆಗೆಯುವುದಿಲ್ಲ. ಖಜಾನೆಗೂ ಆಗ ಕಷ್ಟವಿತ್ತು. ಒಂದು ಗುಣಾಕಾರ ಮಾತ್ರ ತಮ್ಮ ಮುಂದಿಡುತ್ತೇನೆ. 11,687 ಹೆಕ್ಟೇರನ್ನು 25,000ದಿಂದ ಗುಣಿಸಿದರೆ 29 ಕೋಟಿ ಚಿಲ್ಲರೆ. 1,610 ಕೋಟಿಯಲ್ಲಿ ನೂರಕ್ಕೆ ಎರಡು ರೂಪಾಯಿಯೂ ಇಲ್ಲ. ‘ಹೂ ಬೆಳೆಗಾರರ ನೆರವಿಗೆ ಧಾವಿಸಿದ ಸರ್ಕಾರ’ ಎಂದು ತಿಂಗಳುಗಟ್ಟಲೆ ಕೇಳಿದ ಮಾತಿನ ಹಿಂದೆ ಇದ್ದದ್ದು ಇಷ್ಟು ದುಡ್ಡು. ಇಷ್ಟು ಸಣ್ಣ ಮೊತ್ತ ಯಾರ ಕೈ ಸೇರಿತು ಎಂದು ತೋರಿಸುವುದು ದೊಡ್ಡ ಕೆಲಸ ಆಗಬಾರದಿತ್ತು.

ಘೋಷಣೆಯ ದಿನ ಹೇಳುವ ಸಂಖ್ಯೆ ಅಂದಾಜು. ಅದು ಎಷ್ಟು ಅಂದಾಜು ಎಂಬುದು ಸರ್ಕಾರದ ಎರಡು ಪ್ಯಾಕೇಜುಗಳನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. 2020ರಲ್ಲಿ ಆಟೊ ಮತ್ತು ಟ್ಯಾಕ್ಸಿ ಚಾಲಕರು 7,75,000 ಜನ ಎಂದರು. 2021ರಲ್ಲಿ ಮ್ಯಾಕ್ಸಿ ಕ್ಯಾಬಿನವರನ್ನೂ ಸೇರಿಸಿಕೊಂಡು 2,10,000 ಜನ ಎಂದರು. ಒಂದು ವರ್ಷದಲ್ಲಿ ಐದೂವರೆ ಲಕ್ಷ ಚಾಲಕರು ಸ್ಟೀರಿಂಗ್ ಬಿಟ್ಟು ಎದ್ದುಹೋದರೇ? ಇಲ್ಲ. ಮೊದಲ ಸಂಖ್ಯೆ ಪತ್ರಿಕಾಗೋಷ್ಠಿಗೆ, ಎರಡನೆಯದು ಹಿಂದಿನ ಅನುಭವದ ಮೇಲೆ ಎಂದು ಊಹಿಸಬೇಕಾಗುತ್ತದೆ. ನಾಗರಿಕರು ಹೀಗೆ ಊಹಿಸುವಂತಾಗಬಾರದು ಎಂಬುದೇ ನನ್ನ ಅರಿಕೆ. ಹೂವಿನ 11,687 ಹೆಕ್ಟೇರಿನಲ್ಲಿ ಕೊನೆಗೆ ಪರಿಹಾರ ಸಂದದ್ದು ಎಷ್ಟು ಹೆಕ್ಟೇರಿಗೆ? ಹತ್ತು ಲಕ್ಷ ಮೆಕ್ಕೆಜೋಳದವರಲ್ಲಿ ದುಡ್ಡು ಕಂಡವರು ಎಷ್ಟು ಮಂದಿ? ಘೋಷಣೆಯನ್ನು ಊರೂರಿಗೂ ಮುಟ್ಟಿಸಿದ ಸರ್ಕಾರ ಪಾವತಿಯ ಲೆಕ್ಕವನ್ನು ನಮ್ಮ ಪಂಚಾಯಿತಿಯ ಫಲಕದವರೆಗೂ ತರಲಿಲ್ಲ.

ನಮ್ಮೂರಿನಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಪರಿಹಾರಕ್ಕೆ ಆಧಾರ ಬೆಳೆ ಸಮೀಕ್ಷೆ. ಖಾಸಗಿ ನಿವಾಸಿ ಎಂದು ಇಲಾಖೆ ಕರೆಯುವ, ನಾವು ಪಿ.ಆರ್. ಎನ್ನುವ ಹುಡುಗರು ಮೊಬೈಲ್ ಹಿಡಿದು ಹೊಲಕ್ಕೆ ಬಂದು, ಸರ್ವೆ ನಂಬರ್ ತೆಗೆದು, ಬೆಳೆಯ ಫೋಟೊ ಹೊಡೆದು ಕಳಿಸುತ್ತಾರೆ. ಕೆಲಸ ಚೆನ್ನಾಗಿ ಮಾಡಿದವರೂ ಇದ್ದಾರೆ, ರಸ್ತೆ ಬದಿಯಲ್ಲೇ ನಿಂತು ಮುಗಿಸಿದವರೂ ಇದ್ದಾರೆ. ಆದರೆ ಹುಡುಗರನ್ನು ದೂರಿ ಫಲವಿಲ್ಲ, ತೊಂದರೆ ಕ್ರಮದಲ್ಲೇ ಇತ್ತು. ನಮ್ಮಲ್ಲಿ ಒಂದೇ ಸರ್ವೆ ನಂಬರಿನಲ್ಲಿ ಮುಂಗಾರಿಗೆ ರಾಗಿ, ರಾಗಿ ಕಟಾವಾದ ಮೇಲೆ ಉತ್ತು ಹೂ. ಸೇವಂತಿಗೆ ಮೂರು ನಾಲ್ಕು ತಿಂಗಳ ಬೆಳೆ. ಸಮೀಕ್ಷೆಯವರು ಬಂದಾಗ ಇದ್ದದ್ದು ರಾಗಿ. ಕೊರೊನಾ ಬಂದಾಗ ಇದ್ದದ್ದು ಹೂ. ಟೊಮೆಟೊ ಸಾಲುಗಳ ಅಂಚಿನಲ್ಲಿ ಚೆಂಡು ಹೂ ಹಾಕಿದವರ ಹೆಸರಿನ ಮುಂದೆ ಟೊಮೆಟೊ ಒಂದೇ ಇತ್ತು. ಕಂಪ್ಯೂಟರ್ ಪ್ರಕಾರ ಇವರಲ್ಲಿ ಯಾರೂ ಹೂ ಬೆಳೆದವರೇ ಅಲ್ಲ.

ಹೆಸರು ಬಿಟ್ಟುಹೋದವರು ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಅರ್ಜಿ ಕೊಡಬಹುದು ಎಂದರು. ಕೊಟ್ಟೆವು. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್, ಬೆಳೆಯ ಜೊತೆ ನಿಂತ ಫೋಟೊ. ಲಾಕ್‌ಡೌನಿನಲ್ಲಿ ಜೆರಾಕ್ಸ್ ಅಂಗಡಿ ತೆರೆಯುತ್ತಿದ್ದದ್ದೇ ಬೆಳಗಿನ ಒಂದಿಷ್ಟು ಹೊತ್ತು. ಆ ಸಾಲು ನೋಡಿದ್ದರೆ ಕೊರೊನಾವೇ ಹೆದರಿ ಓಡಬೇಕಿತ್ತು. ಸ್ಥಳ ಪರಿಶೀಲನೆಗೆ ಸಿಬ್ಬಂದಿ ಬರುವ ಹೊತ್ತಿಗೆ ಮೇ ಮುಗಿಯುತ್ತಿತ್ತು. ಹೊಲದಲ್ಲಿ ಹೂವಿರಲಿಲ್ಲ. ನಾನು ಮೇಲೆ ಹೇಳಿದ ರೋಟವೇಟರ್ ಹೊಡೆದಾಗಿತ್ತು, ಕೆಲವರು ಮುಂದಿನ ಬೆಳೆಗೆ ಸಾಲು ಕೂಡ ಎಳೆದಿದ್ದರು. ಮಲ್ಚಿಂಗ್ ಶೀಟಿನ ಚೂರು, ಒಣಗಿದ ಕಡ್ಡಿ, ಬದುವಿನ ಮೇಲೆ ತಾನೇ ಹುಟ್ಟಿದ ನಾಲ್ಕು ಚೆಂಡು ಗಿಡ. ‘ಇದರ ಫೋಟೊ ಹೊಡೆದು ಏನಂತ ಹಾಕಲಿ’ ಎಂದು ಆ ಹುಡುಗ ನಿಜವಾಗಿಯೂ ಪೇಚಾಡಿದ. ನಷ್ಟವಾಗಿದೆ ಎಂದೇ ಹೂ ಕಿತ್ತದ್ದು; ಹೂ ಕಿತ್ತದ್ದರಿಂದಲೇ ನಷ್ಟಕ್ಕೆ ಸಾಕ್ಷಿ ಇಲ್ಲದಂತಾಯಿತು. ಈ ಅರ್ಜಿಗಳ ಗತಿ ಏನಾಯಿತು? ಒಪ್ಪಿದರೆ ದುಡ್ಡು ಬರುತ್ತಿತ್ತು, ಬರಲಿಲ್ಲ. ತಿರಸ್ಕರಿಸಿದರೆ ಕಾರಣ ತಿಳಿಸುವ ಹಿಂಬರಹ ಬರಬೇಕಿತ್ತು, ಅದೂ ಬರಲಿಲ್ಲ.

ಗುತ್ತಿಗೆಗೆ ಮಾಡುವವರ ಕತೆ ಬೇರೆಯೇ. ರಾಜ್ಯದ ಭೂಸುಧಾರಣಾ ಕಾಯ್ದೆಯ ಪ್ರಕಾರ ಬೇಸಾಯದ ಭೂಮಿಯನ್ನು ಗುತ್ತಿಗೆ ಕೊಡುವಂತೆಯೇ ಇಲ್ಲ. ಆದ್ದರಿಂದ ಪೇಟೆ ಸುತ್ತಮುತ್ತಲ ಗುತ್ತಿಗೆಯೆಲ್ಲ ಬಾಯಿಮಾತಿನದು. ಪಹಣಿಯಲ್ಲಿ ಒಬ್ಬರು, ಹೊಲದಲ್ಲಿ ಇನ್ನೊಬ್ಬರು. ನಮ್ಮೂರಲ್ಲಿ ಹೀಗೆ ಗುತ್ತಿಗೆಗೆ ಹೂ ಹಾಕಿದ್ದ ಗಂಡ ಹೆಂಡತಿ ಇದ್ದಾರೆ. ಬೆಳೆ ಹಾಳಾದದ್ದು ಇವರದು, ಎಸ್‌ಎಂಎಸ್ ಹೋದದ್ದು ಬೆಂಗಳೂರಿನಲ್ಲಿರುವ ಜಮೀನುದಾರರಿಗೆ. ಅವರು ಪ್ರಾಮಾಣಿಕರು, ‘ಯಾವುದೋ ದುಡ್ಡು ಬಂದಿದೆಯಲ್ಲಪ್ಪ, ಏನಿದು’ ಎಂದು ತಾವೇ ಫೋನ್ ಮಾಡಿದರು, ವಿಷಯ ತಿಳಿದ ಮೇಲೆ ಅಷ್ಟನ್ನೂ ಕಳಿಸಿಕೊಟ್ಟರು. ಎಲ್ಲ ಜಮೀನುದಾರರೂ ಅಂಥವರಲ್ಲ. ಹಳ್ಳಿಯ ಫಲಕದ ಮೇಲೆ ಪಟ್ಟಿ ಇದ್ದಿದ್ದರೆ ಈ ನ್ಯಾಯ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬೇಕಿರಲಿಲ್ಲ.

ಇನ್ನು ಪಹಣಿ ಸತ್ತ ಅಜ್ಜನ ಹೆಸರಿನಲ್ಲೇ ಉಳಿದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದವರು, ಪಹಣಿಯಲ್ಲಿ ಒಂದು ಹೆಸರು ಆಧಾರಿನಲ್ಲಿ ಇನ್ನೊಂದು ಇರುವವರು, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ತಮಗೇ ಗೊತ್ತಿಲ್ಲದವರು. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳೊತ್ತಿಸಿಕೊಂಡು ತೆರೆದ ಯಾವುದೋ ಖಾತೆಗೆ ಸರ್ಕಾರದ ದುಡ್ಡು ಹೋಗಿ ಕೂತದ್ದೂ ಉಂಟು. ಇವೆಲ್ಲ ತಮ್ಮ ಅಧಿಕಾರಿಗಳಿಗೆ ಗೊತ್ತಿರುವ ವಿಷಯಗಳೇ, ವಿಸ್ತರಿಸುವುದಿಲ್ಲ.

ಇಷ್ಟಾದ ಮೇಲೆ ನಾನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕೇಳಿದ್ದು ಎರಡೇ: ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಹೂವಿನ ಪರಿಹಾರ ಪಡೆದವರ ಪಟ್ಟಿ, ಅರ್ಜಿ ಹಾಕಿಯೂ ಸಿಗದವರ ಪಟ್ಟಿ ಕಾರಣ ಸಹಿತ. ಮೊದಲನೆಯದಕ್ಕೆ ‘ಮೂರನೇ ವ್ಯಕ್ತಿಯ ಖಾಸಗಿ ಮಾಹಿತಿ, ಕೊಡಲು ಬರುವುದಿಲ್ಲ’ ಎಂಬ ಉತ್ತರ. ಎರಡನೆಯದಕ್ಕೆ ‘ಪಾವತಿ ಮೇಲಿನಿಂದ ನೇರವಾಗಿ ಆಗಿರುವುದರಿಂದ ಈ ಕಚೇರಿಯಲ್ಲಿ ಲಭ್ಯವಿಲ್ಲ’ ಎಂಬ ಉತ್ತರ. ಕೊಟ್ಟದ್ದು ಖಾಸಗಿ, ಕೊಡದೇ ಇದ್ದದ್ದು ಅಲಭ್ಯ.

ಖಾಸಗಿತನದ ಮಾತಿಗೆ ನನಗೆ ಗೌರವವಿದೆ. ಯಾರ ಆಧಾರ್ ಸಂಖ್ಯೆಯೂ ಬ್ಯಾಂಕ್ ಖಾತೆಯೂ ಫೋನ್ ನಂಬರೂ ಯಾರಿಗೂ ಬೇಡ. ಆದರೆ ತಾವೇ ಯೋಚಿಸಿ. ನನ್ನ ಸರ್ವೆ ನಂಬರ್ ಗೊತ್ತಿರುವ ಯಾರೇ ಆಗಲಿ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿ ನನ್ನ ಪಹಣಿ ತೆಗೆಯಬಹುದು. ಅದರಲ್ಲಿ ನನ್ನ ಹೆಸರು, ನನ್ನ ತಂದೆಯ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ಬೆಳೆ ಎಲ್ಲ ಇರುತ್ತದೆ. 11ನೇ ಕಾಲಂ ನೋಡಿದರೆ ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ ಎತ್ತಿದ್ದೇನೆ ಎಂಬುದೂ ಸಿಗುತ್ತದೆ. ನನ್ನ ಸಾಲ ಊರಿಗೆಲ್ಲ ಕಾಣಬಹುದು, ಸರ್ಕಾರ ನನಗೆ ಕೊಟ್ಟ ಹತ್ತು ಸಾವಿರ ಮಾತ್ರ ಗುಟ್ಟು. ಇದು ಯಾರ ಖಾಸಗಿತನ ಕಾಯುವ ಏರ್ಪಾಡು?

ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ಕಲಮಿನ 12ನೇ ಅಂಶವನ್ನು ತಮಗೆ ನೆನಪಿಸುವುದು ಉದ್ಧಟತನವಾದೀತು, ಆದರೂ ಹೇಳಬೇಕಾಗಿದೆ. ಸಹಾಯಧನ ಕಾರ್ಯಕ್ರಮಗಳನ್ನು ಹೇಗೆ ನಡೆಸಲಾಯಿತು, ಎಷ್ಟು ಹಣ ಹಂಚಿಕೆಯಾಯಿತು, ಫಲಾನುಭವಿಗಳು ಯಾರು ಎಂಬ ವಿವರವನ್ನು ಯಾರೂ ಕೇಳುವ ಮೊದಲೇ ಕಚೇರಿ ತಾನಾಗಿ ಪ್ರಕಟಿಸಬೇಕು ಎನ್ನುತ್ತದೆ ಅದು. ನಾನು ಅರ್ಜಿ ಹಾಕುವ ಪ್ರಮೇಯವೇ ಬರಬಾರದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದ ಕೂಡಲೇ ನಿರಾಕರಿಸುವ ದಾರಿಯನ್ನು ಇನ್ನಷ್ಟು ಅಗಲ ಮಾಡಿದೆ. ಆದರೆ 4ನೇ ಕಲಂ ಇದ್ದಲ್ಲೇ ಇದೆ. ಸಾರ್ವಜನಿಕ ಹಿತ ದೊಡ್ಡದಾದಾಗ ಮಾಹಿತಿ ಕೊಡಬಹುದು ಎನ್ನುವ 8(2) ಕೂಡ ಇದ್ದಲ್ಲೇ ಇದೆ. ಕೊಡುವ ಮನಸ್ಸಿದ್ದ ಅಧಿಕಾರಿಗೆ ಕಾನೂನು ಇವತ್ತೂ ಅಡ್ಡಿಯಾಗಿಲ್ಲ.

ಪಟ್ಟಿಯನ್ನು ಊರಿನವರ ಮುಂದೆ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ರಾಜ್ಯವನ್ನೇ ನೋಡಬಹುದು. 2020ರಲ್ಲಿ, ಇದೇ ಕೊರೊನಾ ನಡುವೆ, ತಮಿಳುನಾಡಿನಲ್ಲಿ ಪಿಎಂ ಕಿಸಾನ್ ಯೋಜನೆಗೆ ರೈತರೇ ಅಲ್ಲದವರನ್ನು ಲಕ್ಷಗಟ್ಟಲೆ ಸೇರಿಸಿ 110 ಕೋಟಿಗೂ ಹೆಚ್ಚು ಹಣ ಎತ್ತಿದ್ದು ಹೊರಬಿತ್ತು. ಅಧಿಕಾರಿಗಳ ಲಾಗಿನ್, ಪಾಸ್‌ವರ್ಡ್ ದಲ್ಲಾಳಿಗಳ ಕೈಯಲ್ಲಿತ್ತು. ಕಳ್ಳಕುರಿಚಿ, ವಿಳುಪುರಂ, ಕಡಲೂರು ಕಡೆ ಫಲಾನುಭವಿಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರಿದ್ದರಿಂದ ಸುಳಿವು ಸಿಕ್ಕಿತು. ಮರುವರ್ಷ ಜುಲೈನಲ್ಲಿ ಕೇಂದ್ರ ಕೃಷಿ ಸಚಿವರು ಸಂಸತ್ತಿನಲ್ಲೇ ಒಪ್ಪಿಕೊಂಡರು: ದೇಶದಾದ್ಯಂತ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಹೋದ ಸುಮಾರು 3,000 ಕೋಟಿ ರೂಪಾಯಿ ವಾಪಸು ಪಡೆಯಬೇಕಾಗಿದೆ ಎಂದು. ಪ್ರತಿ ಹಳ್ಳಿಯಲ್ಲೂ ಹೆಸರುಗಳನ್ನು ಗಟ್ಟಿಯಾಗಿ ಓದಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿದ್ದ ಕಳ್ಳತನ ಅದು. ಊರಿನಲ್ಲಿ ಯಾರಿಗೆ ಎಷ್ಟು ಜಮೀನಿದೆ, ಯಾರು ಏನು ಬೆಳೆದರು ಎಂಬುದು ಯಾವ ಆ್ಯಪಿಗಿಂತ ಚೆನ್ನಾಗಿ ಊರಿನವರಿಗೆ ಗೊತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆಯ ಅಧಿಕಾರ ಕೊಟ್ಟದ್ದು ಈ ನಂಬಿಕೆಯ ಮೇಲೆಯೇ. ಮಣ್ಣು ಹೊತ್ತ ಕೂಲಿಯವನ ಹೆಸರು, ಅವನು ಪಡೆದ ದಿನಗೂಲಿ ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಹಾಕಿದಾಗ ಯಾರೂ ಖಾಸಗಿತನದ ಮಾತೆತ್ತಿರಲಿಲ್ಲ.

ಹಳೆಯ ಕಡತವನ್ನು ಈಗೇಕೆ ಕೆದಕುತ್ತೀರಿ ಎಂದು ತಾವು ಕೇಳಬಹುದು. ಎರಡು ಕಾರಣ. ಸರ್ಕಾರಿ ಕಡತಗಳಿಗೆ ಆಯುಷ್ಯ ನಿಗದಿಯಾಗಿರುತ್ತದೆ. ಐದು ವರ್ಷ ದಾಟಿದೆ. ಇನ್ನೂ ತಡವಾದರೆ ನಮ್ಮ ಅರ್ಜಿಗಳು ರದ್ದಿಗೆ ಹೋಗಿರುತ್ತವೆ, ಆಮೇಲೆ ‘ಲಭ್ಯವಿಲ್ಲ’ ಎಂಬ ಉತ್ತರ ನಿಜವೇ ಆಗಿಬಿಡುತ್ತದೆ. ಎರಡನೆಯದಾಗಿ, ಪರಿಹಾರ ಹಂಚುವ ಏರ್ಪಾಡು ಇನ್ನೂ ಅದೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಕೇಂದ್ರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು, 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆಯಾಯಿತು. ಅದಕ್ಕೂ ಮೊದಲು ರಾಜ್ಯ ಗರಿಷ್ಠ 2,000 ರೂಪಾಯಿಯ ಮೊದಲ ಕಂತು ಕೊಟ್ಟಿತು. ಆಗಲೂ ಬೆಳೆ ಸಮೀಕ್ಷೆ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಆಧಾರ್ ಜೋಡಣೆ, ನೇರ ಜಮಾ. ಆಗಲೂ ಅದೇ ಗುತ್ತಿಗೆದಾರ, ಅದೇ ಪೌತಿ ಖಾತೆ. ಬರ ಪರಿಹಾರದ ಫಲಾನುಭವಿಗಳನ್ನು ಹಳ್ಳಿವಾರು ನೋಡುವ ಅವಕಾಶ ಕಂದಾಯ ಇಲಾಖೆಯ ಪರಿಹಾರ ಜಾಲತಾಣದಲ್ಲಿ ಬಂತು, ಅದಕ್ಕೆ ಅಭಿನಂದನೆ. ಅಂದರೆ ಹಳ್ಳಿವಾರು ತೋರಿಸುವ ತಂತ್ರಜ್ಞಾನ ಸರ್ಕಾರದ ಬಳಿ ಇದೆ. ಆದರೆ ಅಲ್ಲಿ ಕಾಣುವುದೂ ಸಿಕ್ಕವರೇ. ಬಿಟ್ಟುಹೋದವನಿಗೆ ಪರದೆಯ ಮೇಲೆ ಕಾಣುವುದು ತನ್ನ ಹೆಸರು ಅಲ್ಲಿಲ್ಲ ಎಂಬುದಷ್ಟೇ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಮೊದಲು 2020 ಮತ್ತು 2021ರ ಎರಡೂ ಪ್ಯಾಕೇಜುಗಳ ರೈತ ಪರಿಹಾರದ ಕಡತ, ಅರ್ಜಿ ಮತ್ತು ದತ್ತಾಂಶಗಳಲ್ಲಿ ಯಾವುದನ್ನೂ ವಿಲೇವಾರಿ ಮಾಡಬಾರದು ಎಂದು ಕೃಷಿ, ತೋಟಗಾರಿಕೆ, ಕಂದಾಯ ಇಲಾಖೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಹಣವೂ ಬೇಡ, ಸಂಪುಟದ ಒಪ್ಪಿಗೆಯೂ ಬೇಡ, ತಮ್ಮ ಸಹಿ ಸಾಕು. ಆಮೇಲೆ ಪರಿಹಾರ ಸಿಕ್ಕವರ ಪಟ್ಟಿಯನ್ನು ಸರ್ಕಾರದ ಮಾಹಿತಿ ಕಣಜ ಜಾಲತಾಣದಲ್ಲಿ ಹಳ್ಳಿವಾರು ಹಾಕಿಸಿ: ಹೆಸರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ, ಜಮಾ ಆದ ದಿನ. ಆಧಾರ್ ಬೇಡ, ಖಾತೆ ಸಂಖ್ಯೆ ಬೇಡ. ಜಮಾ ಆಗದೆ ಬ್ಯಾಂಕಿನಿಂದ ವಾಪಸು ಬಂದ ಹಣ ಎಷ್ಟು, ಅದು ಈಗ ಯಾವ ಲೆಕ್ಕಶೀರ್ಷಿಕೆಯಲ್ಲಿದೆ ಎಂಬುದನ್ನೂ ಅದರಲ್ಲೇ ಸೇರಿಸಿ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಪಟ್ಟಿ, ಅರ್ಜಿ ಹಾಕಿ ಸಿಗದವರದು. ಪ್ರತಿ ಹೆಸರಿನ ಮುಂದೆ ಒಂದು ಸಾಲಿನ ಕಾರಣ ಇರಲಿ. ‘ಸಮೀಕ್ಷೆಯಲ್ಲಿ ಬೇರೆ ಬೆಳೆ’, ‘ಪಹಣಿದಾರರು ಮೃತ’, ‘ಹೆಸರು ತಾಳೆಯಾಗಿಲ್ಲ’, ‘ಸ್ಥಳದಲ್ಲಿ ಬೆಳೆ ಇಲ್ಲ’. ಸಿಕ್ಕವರ ಪಟ್ಟಿಯಿಂದ ಕಳ್ಳ ಸಿಗುತ್ತಾನೆ. ಸಿಗದವರ ಪಟ್ಟಿಯಿಂದ ಏರ್ಪಾಡಿನ ತೂತು ಎಲ್ಲಿದೆ ಎಂದು ಸಿಗುತ್ತದೆ. ಒಂದು ತಾಲ್ಲೂಕಿನಲ್ಲಿ ನೂರಾರು ಜನರ ಮುಂದೆ ‘ಸಮೀಕ್ಷೆಯಲ್ಲಿ ಬೇರೆ ಬೆಳೆ’ ಎಂದು ಬಂದರೆ, ಬೇಸಿಗೆ ಹೂವಿಗೆ ಬೇರೆ ಸಮೀಕ್ಷೆ ಬೇಕು ಎಂಬುದು ಯಾವ ಸಮಿತಿಯೂ ಇಲ್ಲದೆ ತಿಳಿಯುತ್ತದೆ. ಇನ್ನು ಮುಂದೆ ಬರುವ ಯಾವುದೇ ಪರಿಹಾರದಲ್ಲಿ, ಹಣ ಜಮಾ ಮಾಡುವ ಮೊದಲೇ ಈ ಎರಡೂ ಪಟ್ಟಿಗಳನ್ನು ಗ್ರಾಮಸಭೆಯಲ್ಲಿ ಓದಿ ಆಕ್ಷೇಪಣೆಗೆ ಒಂದಿಷ್ಟು ದಿನ ಕೊಡುವ ನಿಯಮ ಮಾಡಿ. ತುರ್ತು ಸಂದರ್ಭದಲ್ಲಿ ತಡವಾಗುತ್ತದೆ ಎಂದರೆ ಮೊದಲು ಹಣ ಹಾಕಿ, ಆಮೇಲಾದರೂ ಓದಿ.

ಆ ವರ್ಷಗಳಲ್ಲಿ ಬಿಟ್ಟುಹೋದವರಿಗೆ ಈಗ ಹಣ ಕೊಡಿ ಎಂದು ನಾನು ಕೇಳುತ್ತಿಲ್ಲ, ಕೊಡುವುದಾದರೆ ಬೇಡವೆನ್ನುವವರೂ ಇಲ್ಲ. ಅವರಿಗೆ ಒಂದು ಹಿಂಬರಹವಾದರೂ ಸಲ್ಲಬೇಕು.

ಈ ಪತ್ರದ ಪ್ರತಿಯನ್ನು ನಮ್ಮ ಪಂಚಾಯಿತಿಯ ಪಿಡಿಒ ಅವರಿಗೆ ಕೊಟ್ಟು, ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಸೇರಿಸಲು ಮನವಿ ಮಾಡಿದ್ದೇನೆ. ಆ ಸಭೆಗೆ ತೋಟಗಾರಿಕೆ ಇಲಾಖೆಯಿಂದ ಒಬ್ಬರನ್ನು ಎರಡೂ ಪಟ್ಟಿಗಳ ಸಮೇತ ಕಳಿಸಿಕೊಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ಹೂ ಬೆಳೆಗಾರ